ಕೆಸರು ಕೂರುವುದಿಲ್ಲ, ಕೂತರೂ ನೀರು ಬಿಡುವುದಿಲ್ಲ: ಮಲೆನಾಡಿನ ಎಸ್‌ಟಿಪಿಗಳಿಗೆ ದೋಷ ನಿವಾರಣೆ ಕೈಪಿಡಿ

ಎಸ್‌ಟಿಪಿಯಲ್ಲಿ, ಅಂದರೆ ಕೊಳಚೆ ನೀರು ಶುದ್ಧೀಕರಿಸುವ ಘಟಕದಲ್ಲಿ, ಕೆಸರನ್ನು ಹಿಂಡಿ ಗಟ್ಟಿ ಕೇಕ್ ಮಾಡುವ ಫಿಲ್ಟರ್ ಪ್ರೆಸ್ಸಿನ ಪ್ಲೇಟು ಬಿಡಿಸಿದಾಗ ಕೇಕಿನ ಬದಲು ಅಂಬಲಿ ಸುರಿದರೆ ಎಲ್ಲರ ಕೈಯೂ ಮೊದಲು ಹೋಗುವುದು ಕೆಸರನ್ನು ಮುದ್ದೆಗಟ್ಟಿಸುವ ಪಾಲಿಮರ್ ಪುಡಿಯ ಚೀಲಕ್ಕೆ. ಡೋಸು ಹೆಚ್ಚುತ್ತದೆ, ಬಟ್ಟೆ ಲೋಳೆಗಟ್ಟುತ್ತದೆ, ಮರುದಿನ ಇನ್ನೂ ತೆಳ್ಳಗಿನ ಅಂಬಲಿ ಬರುತ್ತದೆ. ಪ್ರೆಸ್ಸಿನಲ್ಲಿ ಕಾಣುವ ತೊಂದರೆ ಬಹುಪಾಲು ಪ್ರೆಸ್ಸಿನದ್ದಲ್ಲ, ವಾರ ಹತ್ತು ದಿನದ ಹಿಂದೆ ಏರೇಶನ್ ಟ್ಯಾಂಕಿನಲ್ಲಿ, ಅಂದರೆ ಕೊಳಚೆ ತಿನ್ನುವ ಬ್ಯಾಕ್ಟೀರಿಯಾಗಳಿಗೆ ಬ್ಲೋವರ್‌ನಿಂದ ಗಾಳಿ ಊದುವ ಟ್ಯಾಂಕಿನಲ್ಲಿ, ಹುಟ್ಟಿದ್ದು. ಆದ್ದರಿಂದ ಇಲ್ಲಿ ಕೆಸರು ಹರಿದುಬರುವ ದಾರಿಯಲ್ಲೇ ಹುಡುಕುತ್ತಾ ಹೋಗುತ್ತೇವೆ: ಮೊದಲು ಏರೇಶನ್ ಟ್ಯಾಂಕ್, ಆಮೇಲೆ ಕೆಸರು ತಳಕ್ಕೆ ಕೂರುವ ಸೆಟ್ಲಿಂಗ್ ಟ್ಯಾಂಕ್, ಕೊನೆಗೆ ಪ್ರೆಸ್ ಮತ್ತು ಕೆಸರು ಒಣಗಿಸುವ ಮರಳಿನ ಡ್ರೈಯಿಂಗ್ ಬೆಡ್.

ಇದು 50ರಿಂದ 300 ಕೆಎಲ್‌ಡಿ (ಒಂದು ಕೆಎಲ್‌ಡಿ ಎಂದರೆ ದಿನಕ್ಕೆ ಸಾವಿರ ಲೀಟರ್) ಅಳತೆಯ ಸಣ್ಣ ಘಟಕಗಳಿಗಾಗಿ ಬರೆದದ್ದು. ಶಿವಮೊಗ್ಗದ ಅಪಾರ್ಟ್‌ಮೆಂಟು, ಹಾಸ್ಟೆಲ್ಲು, ಆಸ್ಪತ್ರೆಗಳಲ್ಲಿ, ತೀರ್ಥಹಳ್ಳಿ, ಸಾಗರ, ಹೊಸನಗರದ ಕಡೆಯ ಲಾಡ್ಜು, ರೆಸಾರ್ಟುಗಳಲ್ಲಿ ಇರುವಂಥವು. ಲೆಕ್ಕಗಳಿಗೆಲ್ಲ ಒಂದೇ ಮಾದರಿ ಇಟ್ಟುಕೊಂಡಿದ್ದೇವೆ: 100 ಕೆಎಲ್‌ಡಿ ಹರಿವು, 60 ಘನಮೀಟರ್ ಏರೇಶನ್ ಟ್ಯಾಂಕ್, ಲೀಟರಿಗೆ 3,500 ಮಿಲಿಗ್ರಾಂ ಎಂಎಲ್‌ಎಸ್‌ಎಸ್ (ಟ್ಯಾಂಕಿನ ನೀರಿನಲ್ಲಿ ಬೆರೆತಿರುವ ಕೆಸರಿನ ಒಣ ತೂಕ). ಅಂದರೆ ಟ್ಯಾಂಕಿನೊಳಗೆ ಒಟ್ಟು 210 ಕಿಲೋ ಒಣ ಕೆಸರು. ನಿಮ್ಮ ಘಟಕದ ಅಂಕಿಗಳನ್ನು ಇದೇ ಲೆಕ್ಕಕ್ಕೆ ಕೂರಿಸಿಕೊಳ್ಳಿ.

ಮೊದಲು ಜಾಡಿ, ಆಮೇಲೆ ಮಾತು

ಒಂದು ಲೀಟರಿನ ಅಳತೆ ಜಾಡಿ, ಒಂದು ಗಡಿಯಾರ. ರೋಗ ಪತ್ತೆಯ ಅರ್ಧ ಕೆಲಸ ಇಷ್ಟರಲ್ಲೇ ಮುಗಿಯುತ್ತದೆ. ಬ್ಲೋವರ್ ಓಡುತ್ತಿರುವಾಗಲೇ ಏರೇಶನ್ ಟ್ಯಾಂಕಿನಿಂದ ನೀರು ಹೊರಹೋಗುವ ಕಡೆ ಮಾದರಿ ತೆಗೆಯಿರಿ. ಹತ್ತು ನಿಮಿಷದೊಳಗೆ ಜಾಡಿಗೆ ಹಾಕಿ, ಒಮ್ಮೆ ಮೆಲ್ಲಗೆ ಕಲಕಿ, ಅಲುಗಾಡದ ಕಟ್ಟೆಯ ಮೇಲೆ ನೆರಳಿನಲ್ಲಿಡಿ. ಒಂದು ಮಗ್ಗುಲಿಗೆ ಬಿಸಿಲು ಬಿದ್ದರೆ ಜಾಡಿಯೊಳಗೆ ನೀರು ಸುತ್ತತೊಡಗಿ ಅಳತೆ ಸುಳ್ಳಾಗುತ್ತದೆ. ಬ್ಲೋವರ್ ಅದುರುವ ಚಪ್ಪಡಿಯ ಮೇಲೂ ಬೇಡ. 5, 10, 30ನೇ ನಿಮಿಷಕ್ಕೆ ಕೆಸರಿನ ಮಟ್ಟ ಬರೆದುಕೊಳ್ಳಿ. 30 ನಿಮಿಷ ಆಯಿತೆಂದು ಚೆಲ್ಲಬೇಡಿ, ಎರಡು ಗಂಟೆ ಹಾಗೇ ಬಿಡಿ. ಮುಂದಿನ ಒಂದು ದೋಷ ಸಿಗುವುದೇ ಆ ಎರಡು ಗಂಟೆಯಲ್ಲಿ.

ಕೆಸರು ಎಷ್ಟು ಚೆನ್ನಾಗಿ ಕೂರುತ್ತದೆ ಎಂದು ಹೇಳುವ ಅಂಕಿ ಎಸ್‌ವಿಐ. ಅದರ ಲೆಕ್ಕ ಹೀಗೆ: 30ನೇ ನಿಮಿಷದ ಮಿಲಿಲೀಟರನ್ನು 1,000ದಿಂದ ಗುಣಿಸಿ, ಎಂಎಲ್‌ಎಸ್‌ಎಸ್‌ನಿಂದ ಭಾಗಿಸಿ. 350 ಮಿಲಿಲೀಟರ್, 3,500 ಎಂಎಲ್‌ಎಸ್‌ಎಸ್ ಇದ್ದರೆ ಎಸ್‌ವಿಐ 100. 80ರಿಂದ 120ರವರೆಗೆ ಕೆಸರು ಆರೋಗ್ಯವಾಗಿದೆ. 150 ದಾಟಿದರೆ ಉಬ್ಬುತ್ತಿದೆ. 70ಕ್ಕಿಂತ ಕೆಳಗಿಳಿದರೆ ಒಂದೋ ಕೆಸರು ಮುದಿಯಾಗಿದೆ, ಇಲ್ಲವೇ ಮಣ್ಣು ಸೇರಿದೆ. ಎಂಎಲ್‌ಎಸ್‌ಎಸ್ ಅಳೆಯದೆ ಜಾಡಿಯ ಅಂಕಿಯನ್ನಷ್ಟೇ ನೋಡಿ ತೀರ್ಮಾನ ಮಾಡಬೇಡಿ. ತಿಂಗಳಿಗೆ ಎರಡು ಬಾರಿಯಾದರೂ ಲ್ಯಾಬಿಗೆ ಮಾದರಿ ಕಳಿಸಿ.

ಜಾಡಿಯಲ್ಲಿ ನಾಲ್ಕು ಬಗೆಯ ನೋಟ ಸಿಗುತ್ತದೆ. ಕೆಸರು ಬೇಗ ಕೂತು ಮೇಲಿನ ತಿಳಿ ಕದಡಿರುವುದು ಒಂದು. ತಿಳಿ ಕನ್ನಡಿಯಂತಿದ್ದು ಕೆಸರು ಮಾತ್ರ ಇಳಿಯದೆ ನಿಲ್ಲುವುದು ಇನ್ನೊಂದು. ಚೆನ್ನಾಗಿ ಕೂತ ಕೆಸರು ಗಂಟೆ ಕಳೆದ ಮೇಲೆ ಗಡ್ಡೆಗಟ್ಟಿ ಮೇಲೇಳುವುದು ಮೂರನೆಯದು. ನಾಲ್ಕನೆಯದು, ಜಾಡಿಯಲ್ಲಿ ಎಲ್ಲ ಸರಿಯಿದ್ದೂ ಸೆಟ್ಲಿಂಗ್ ಟ್ಯಾಂಕಿನಿಂದ ಕೆಸರು ಹೊರಹರಿಯುವುದು. ನಾಲ್ಕಕ್ಕೂ ಕಾರಣ ಬೇರೆ, ಮದ್ದು ಬೇರೆ.

ಕೆಸರು ಕೂತಿದೆ, ತಿಳಿ ಮಾತ್ರ ಕದಡಿದೆ

ಮಲೆನಾಡಿನಲ್ಲಿ ಅತಿ ಹೆಚ್ಚು ತಪ್ಪಾಗಿ ಓದಿಕೊಳ್ಳುವ ದೋಷ ಇದೇ. ಕಾರಣ ಇಲ್ಲಿನ ನೀರಿನಲ್ಲಿದೆ.

ಘಟ್ಟದ ಹೊಳೆಯ ನೀರು, ಜಂಬಿಟ್ಟಿಗೆ ನೆಲದ ಬಾವಿಯ ನೀರು ಮೆದು. ಸೋಪು ಚೆನ್ನಾಗಿ ನೊರೆ ಬರುತ್ತದೆ, ಹಂಡೆಗೆ ಗಾರು ಕಟ್ಟುವುದಿಲ್ಲ. ಮನೆಗೆ ಅದು ಒಳ್ಳೆಯದು, ಎಸ್‌ಟಿಪಿಗೆ ಕಷ್ಟ. ಮೆದು ನೀರಿನಲ್ಲಿ ಕ್ಷಾರತೆ ಕಡಿಮೆ, ಅಂದರೆ ಆಮ್ಲ ಹುಟ್ಟಿದಾಗ ಅದನ್ನು ತಡೆದುಕೊಳ್ಳುವ ಶಕ್ತಿ ಕಡಿಮೆ. ಏರೇಶನ್ ಟ್ಯಾಂಕಿನಲ್ಲಿ ಬ್ಯಾಕ್ಟೀರಿಯಾಗಳು ಅಮೋನಿಯಾವನ್ನು ನೈಟ್ರೇಟ್ ಮಾಡುವಾಗ ಒಂದು ಮಿಲಿಗ್ರಾಂ ಅಮೋನಿಯಾ ಸಾರಜನಕಕ್ಕೆ 7.14 ಮಿಲಿಗ್ರಾಂ ಕ್ಷಾರತೆಯನ್ನು ತಿಂದುಹಾಕುತ್ತವೆ. ಕೊಳಚೆಯಲ್ಲಿ ಲೀಟರಿಗೆ 40 ಮಿಲಿಗ್ರಾಂ ಅಮೋನಿಯಾ ಸಾರಜನಕ ಇದ್ದು ಅಷ್ಟೂ ನೈಟ್ರೇಟ್ ಆದರೆ 286 ಮಿಲಿಗ್ರಾಂ ಕ್ಷಾರತೆ ಖರ್ಚು. ಮೂತ್ರದ ಯೂರಿಯಾ ಒಡೆದು ಅಮೋನಿಯಾ ಆಗುವಾಗ ಇದರ ಅರ್ಧದಷ್ಟು, ಸುಮಾರು 143 ಮಿಲಿಗ್ರಾಂ, ಕೊಳಚೆಯಲ್ಲೇ ಹುಟ್ಟಿರುತ್ತದೆ. ಉಳಿದ ಅರ್ಧ ನಲ್ಲಿನೀರಿನಿಂದಲೇ ಬರಬೇಕು. ಬಯಲುಸೀಮೆಯ ಗಡಸು ಬೋರ್‌ವೆಲ್ ನೀರು ಅದನ್ನು ಸುಲಭವಾಗಿ ಕೊಡುತ್ತದೆ. ನಮ್ಮ ಬಾವಿ, ಹೊಳೆಯ ನೀರು ಕೊಡಲಾರದು. ಆಗ ಪಿಎಚ್ 6.5ಕ್ಕಿಂತ ಕೆಳಗಿಳಿಯುತ್ತದೆ, ಕೆಸರಿನ ಕಣಗಳು ಒಂದನ್ನೊಂದು ಬಿಟ್ಟು ಚದುರುತ್ತವೆ, ತಿಳಿ ಕದಡುತ್ತದೆ.

ಪತ್ತೆ ಸುಲಭ. ಬೆಳಗಿನ ಹೊತ್ತು ಒಳಬರುವ ಕೊಳಚೆಯ ಪಿಎಚ್, ಏರೇಶನ್ ಟ್ಯಾಂಕಿನ ಪಿಎಚ್ ಎರಡನ್ನೂ ನೋಡಿ. ಒಳಗೆ 7.2, ಟ್ಯಾಂಕಿನಲ್ಲಿ 6.2 ಇದ್ದರೆ ಸಂಶಯ ಬೇಡ. ಹೊರಹೋಗುವ ನೀರಿನ ಕ್ಷಾರತೆ ಲೀಟರಿಗೆ 50 ಮಿಲಿಗ್ರಾಂಗಿಂತ ಕಡಿಮೆ ಬಂದರೆ ಖಚಿತ. ಇಂಥ ಘಟಕದಲ್ಲಿ ಗಾಳಿ ಸಾಲದು ಎಂದುಕೊಂಡು ಎರಡನೆಯ ಬ್ಲೋವರನ್ನೂ ಓಡಿಸುವವರಿದ್ದಾರೆ. ಅದು ನೈಟ್ರೇಟ್ ಕೆಲಸವನ್ನು ಇನ್ನೂ ಜೋರು ಮಾಡಿ ಪಿಎಚ್‌ಅನ್ನು ಮತ್ತಷ್ಟು ಕೆಳಗೆ ತಳ್ಳುತ್ತದೆ.

ಮದ್ದಿನಲ್ಲಿ ಖರ್ಚಿಲ್ಲದ್ದನ್ನು ಮೊದಲು ಮಾಡಿ. ದಿನಕ್ಕೆ ನಾಲ್ಕೈದು ಬಾರಿ ಬ್ಲೋವರನ್ನು 30ರಿಂದ 45 ನಿಮಿಷ ನಿಲ್ಲಿಸಿ. ಅದೂ ಕೊಳಚೆ ಹೆಚ್ಚು ಬರುವ ಹೊತ್ತಿನಲ್ಲಿ, ಏಕೆಂದರೆ ಆಗ ಬ್ಯಾಕ್ಟೀರಿಯಾಗಳಿಗೆ ಆಹಾರ ಇರುತ್ತದೆ. ಗಾಳಿ ಇಲ್ಲದಾಗ ಅವು ನೈಟ್ರೇಟಿನ ಆಮ್ಲಜನಕ ಕಿತ್ತುಕೊಂಡು ಪ್ರತಿ ಮಿಲಿಗ್ರಾಂ ಸಾರಜನಕಕ್ಕೆ 3.57 ಮಿಲಿಗ್ರಾಂ ಕ್ಷಾರತೆಯನ್ನು ಹಿಂದಿರುಗಿಸುತ್ತವೆ. ಕಳೆದುಕೊಂಡದ್ದರ ಅರ್ಧ ಹೀಗೆ ವಾಪಸು ಬಂತು, ಕರೆಂಟೂ ಉಳಿಯಿತು. ಸಾಲದಿದ್ದರೆ ಸುಣ್ಣ. 100 ಕೆಎಲ್‌ಡಿ ಹರಿವಿನಲ್ಲಿ ಕ್ಷಾರತೆಯನ್ನು ಲೀಟರಿಗೆ 50 ಮಿಲಿಗ್ರಾಂ ಏರಿಸಲು ದಿನಕ್ಕೆ ಸುಮಾರು 4 ಕಿಲೋ ಅರಳಿದ ಸುಣ್ಣದ ಪುಡಿ ಬೇಕು. ಅಡುಗೆ ಸೋಡಾ ಆದರೆ ಸುಮಾರು 8.5 ಕಿಲೋ. ಸೋಡಾ ಬಳಸಲು ಸುಲಭ, ಹೆಚ್ಚಾದರೂ ಪಿಎಚ್ ಹಾರುವುದಿಲ್ಲ. ಆದರೂ ಇಲ್ಲಿನ ನೀರಿಗೆ ನಮ್ಮ ಆಯ್ಕೆ ಸುಣ್ಣವೇ. ಕೆಸರಿನ ಕಣಗಳನ್ನು ಹಿಡಿದು ಕಟ್ಟುವುದು ಕ್ಯಾಲ್ಸಿಯಂ. ಸೋಡಿಯಂ ಹೆಚ್ಚಾದಷ್ಟೂ ಕಟ್ಟು ಸಡಿಲ. ಮೆದು ನೀರಿನಲ್ಲಿ ಮೊದಲೇ ಕ್ಯಾಲ್ಸಿಯಂ ಇಲ್ಲ. ಸುಣ್ಣ ಹಾಕಿದ ಘಟಕದಲ್ಲಿ ತಿಳಿ ಸರಿಯಾಗುವುದರ ಜೊತೆಗೆ ಪ್ರೆಸ್ಸಿನಲ್ಲಿ ನೀರು ಬಿಡುವುದೂ ಸುಧಾರಿಸುತ್ತದೆ. ಸುಣ್ಣವನ್ನು ಡ್ರಮ್ಮಿನಲ್ಲಿ ಕಲಸಿ ಹಾಲಿನಂತೆ ಮಾಡಿ, ಒಳಹರಿವಿನ ಚೇಂಬರಿಗೆ ಸಣ್ಣ ಧಾರೆಯಲ್ಲಿ ನಾಲ್ಕೈದು ಗಂಟೆ ಬಿಡಿ. ಒಂದೇ ಸಲ ಸುರಿಯಬೇಡಿ. ಟ್ಯಾಂಕಿನ ಪಿಎಚ್ 7ರಿಂದ 7.5ರೊಳಗೆ ಬಂದರೆ ಸಾಕು. ನೀರು ಕಾಣದ ಸುಟ್ಟ ಸುಣ್ಣದ ಕಲ್ಲನ್ನು ನೇರವಾಗಿ ಟ್ಯಾಂಕಿಗೆ ಎಂದೂ ಹಾಕಕೂಡದು.

ಪಿಎಚ್ ಸರಿಯಿದ್ದೂ ತಿಳಿಯಲ್ಲಿ ಸೂಜಿಮೊನೆಯಂಥ ಕಣಗಳು ತೇಲುತ್ತಿದ್ದರೆ ಕೆಸರು ಮುದಿಯಾಗಿದೆ, ಹೊರತೆಗೆಯುವುದು ಕಡಿಮೆಯಾಗಿದೆ. ರೆಸಾರ್ಟುಗಳಲ್ಲಿ ಇದು ಸಾಮಾನ್ಯ. ಶನಿವಾರ, ಭಾನುವಾರ ತುಂಬಿ ತುಳುಕುತ್ತದೆ, ಉಳಿದ ಐದು ದಿನ ಬ್ಯಾಕ್ಟೀರಿಯಾಗಳಿಗೆ ಉಪವಾಸ. ವಾರದ ನಡುವೆ ಬ್ಲೋವರ್ ಓಡುವ ಹೊತ್ತನ್ನು ಇಳಿಸಿ, ಈಕ್ವಲೈಸೇಶನ್ ಟ್ಯಾಂಕಿನಲ್ಲಿ ಭಾನುವಾರದ ನೀರನ್ನು ಹಿಡಿದಿಟ್ಟು ಸೋಮವಾರ, ಮಂಗಳವಾರ ಬಿಡಿ. ಇದ್ದಕ್ಕಿದ್ದಂತೆ ಒಂದೇ ದಿನ ತಿಳಿ ಹಾಲಿನಂತಾದರೆ ಯಾರೋ ಬ್ಲೀಚಿಂಗ್, ಫಿನಾಯಿಲ್ ಹೆಚ್ಚು ಸುರಿದಿದ್ದಾರೆ, ಹೌಸ್‌ಕೀಪಿಂಗ್‌ನವರನ್ನು ಕೇಳಿ.

ತಿಳಿ ಕನ್ನಡಿ, ಕೆಸರು ಮಾತ್ರ ಇಳಿಯುವುದಿಲ್ಲ

30 ನಿಮಿಷಕ್ಕೂ ಕೆಸರು 700, 800ರಲ್ಲಿ ನಿಂತಿದೆ. ಇದಕ್ಕೆ ಎರಡು ಕಾರಣ ಇರಬಹುದು, ಎರಡಕ್ಕೂ ಮದ್ದು ಒಂದೇ ಅಲ್ಲ. ಬೇರ್ಪಡಿಸಲು ಎರಡನೇ ಜಾಡಿ ತನ್ನಿ. ಅರ್ಧ ಲೀಟರ್ ಕೆಸರು ನೀರಿಗೆ ಅರ್ಧ ಲೀಟರ್ ಸೆಟ್ಲಿಂಗ್ ಟ್ಯಾಂಕಿನ ಮೇಲಿನ ತಿಳಿನೀರು ಸೇರಿಸಿ ಮತ್ತೆ 30 ನಿಮಿಷ ಬಿಡಿ. ಅದು 200ಕ್ಕೋ 250ಕ್ಕೋ ಇಳಿದರೆ ಕೆಸರಿನ ಗುಣ ಸರಿಯಿದೆ, ಟ್ಯಾಂಕಿನಲ್ಲಿ ರಾಶಿ ಹೆಚ್ಚಾಗಿದೆ ಅಷ್ಟೆ. ನೀರು ಬೆರೆಸಿದರೂ 400ರ ಆಸುಪಾಸಿನಲ್ಲಿ ನಿಂತರೆ ದಾರದಂಥ ಬ್ಯಾಕ್ಟೀರಿಯಾಗಳು ಬೆಳೆದು ಕೆಸರನ್ನು ಹತ್ತಿಯಂತೆ ಅರಳಿಸಿವೆ.

ರಾಶಿ ಹೆಚ್ಚಾಗಿದ್ದರೆ ತೆಗೆಯಬೇಕು, ಲೆಕ್ಕ ಹಾಕಿ ತೆಗೆಯಬೇಕು. ನಮ್ಮ ಮಾದರಿಯಲ್ಲಿ 210 ಕಿಲೋ ಕೆಸರು 20 ದಿನಕ್ಕೊಮ್ಮೆ ಹೊಸದಾಗಬೇಕೆಂದರೆ ದಿನಕ್ಕೆ 10.5 ಕಿಲೋ ಹೊರಹೋಗಬೇಕು. ರಿಟರ್ನ್ ಕೆಸರಿನ (ಸೆಟ್ಲಿಂಗ್ ಟ್ಯಾಂಕಿನ ತಳದಿಂದ ಏರೇಶನ್ ಟ್ಯಾಂಕಿಗೆ ಹಿಂದಿರುಗುವ ಕೆಸರು) ಸಾಂದ್ರತೆ ಲೀಟರಿಗೆ 8,000 ಮಿಲಿಗ್ರಾಂ ಇದ್ದರೆ ಅದು 1.3 ಘನಮೀಟರ್. ದಿನವೂ ಇಷ್ಟು ತೆಗೆಯಿರಿ. ತಿಂಗಳೆಲ್ಲ ಸುಮ್ಮನಿದ್ದು, ಟ್ಯಾಂಕರ್ ಬಂದ ದಿನ ಒಮ್ಮೆಗೇ 20 ಘನಮೀಟರ್ ಖಾಲಿ ಮಾಡಿದರೆ ಮುಂದಿನ ವಾರವಿಡೀ ಬಿಳಿ ನೊರೆ, ಕದಡು ನೀರು.

ದಾರದ ಬ್ಯಾಕ್ಟೀರಿಯಾ ಎಂದಾದರೆ ಅವು ಯಾಕೆ ಬೆಳೆದವು ಎಂಬುದು ಮುಖ್ಯ. ಕರಗಿದ ಆಮ್ಲಜನಕವನ್ನು ಟ್ಯಾಂಕಿನ ನಾಲ್ಕು ಮೂಲೆಯಲ್ಲೂ, ಬೆಳಗಿನ ಒತ್ತಡದ ಹೊತ್ತಿನಲ್ಲಿ ಅಳೆಯಿರಿ. ಎಲ್ಲಾದರೂ 1 ಮಿಲಿಗ್ರಾಂಗಿಂತ ಕಡಿಮೆ ಇದ್ದರೆ ಅಲ್ಲಿನ ಡಿಫ್ಯೂಸರ್ (ತಳದಲ್ಲಿ ಗಾಳಿಯನ್ನು ಗುಳ್ಳೆಯಾಗಿ ಬಿಡುವ ಪೊರೆ) ಕಟ್ಟಿದೆ ಅಥವಾ ಹರಿದಿದೆ. ಒಂದು ಕಡೆ ಗಾಳಿ ಕೊತಕೊತ ಕುದಿಯುತ್ತಾ ಇನ್ನೊಂದು ಕಡೆ ನೀರು ಸುಮ್ಮನಿದ್ದರೆ ಕುದಿಯುವ ಕಡೆ ಪೊರೆ ಹರಿದಿದೆ ಎಂದರ್ಥ. 1.5ರಿಂದ 2 ಮಿಲಿಗ್ರಾಂ ಎಲ್ಲೆಡೆ ಇರಬೇಕು.

ಆಮ್ಲಜನಕ ಸರಿಯಿದ್ದರೆ ಆಹಾರ ನೋಡಿ. ಅಡಿಕೆ ಸುಗ್ಗಿಯಲ್ಲಿ ಹಂಡೆ ತೊಳೆದ ನೀರು, ಅಡಿಕೆ ಬೇಯಿಸಿ ಉಳಿದ ಚೊಗರು ಮನೆಯ ಚರಂಡಿಗೇ ಸೇರುವ ಕಡೆ, ಕಾಫಿ ಪಲ್ಪಿಂಗ್ ನೀರು ಸೇರುವ ಕಡೆ, ಕೆಸರು ಉಬ್ಬುವುದು ಸುಗ್ಗಿಯ ಜೊತೆಗೇ ಶುರುವಾಗುತ್ತದೆ. ಇವುಗಳಲ್ಲಿ ಬಿಒಡಿ (ಬ್ಯಾಕ್ಟೀರಿಯಾಗಳು ತಿನ್ನುವ ಸಾವಯವ ಕೊಳೆಯ ಅಳತೆ) ವಿಪರೀತ, ಸಾರಜನಕ ಮತ್ತು ರಂಜಕ ಕಡಿಮೆ. ಬಿಒಡಿ 100 ಪಾಲಿಗೆ ಸಾರಜನಕ 5, ರಂಜಕ 1 ಪಾಲು ಬೇಕು. ಪಲ್ಪಿಂಗ್ ನೀರು ಹುಳಿ ಬೇರೆ. ಚೊಗರಿನ ಟ್ಯಾನಿನ್ ಒಮ್ಮೆಗೇ ನುಗ್ಗಿದರೆ ಬ್ಯಾಕ್ಟೀರಿಯಾಗಳೇ ಕುಗ್ಗುತ್ತವೆ. ಸರಿಯಾದ ದಾರಿ ಇವನ್ನು ಎಸ್‌ಟಿಪಿಗೆ ಬಿಡದಿರುವುದು. ಬೇರೆ ಗುಂಡಿ, ಬೇರೆ ಸಂಸ್ಕರಣೆ. ಈಗಾಗಲೇ ಬಂದುಬಿಟ್ಟಿದ್ದರೆ ಪ್ರತಿ 10 ಕಿಲೋ ಹೆಚ್ಚುವರಿ ಬಿಒಡಿಗೆ ಸುಮಾರು 1 ಕಿಲೋ ಯೂರಿಯಾ, ಅರ್ಧ ಕಿಲೋ ಡಿಎಪಿ ಕರಗಿಸಿ ಕೊಡಿ. ಚೊಗರು ಸೇರಿದ ನೀರಿಗೆ ಫೆರಿಕ್ ಕ್ಲೋರೈಡ್ ಹಾಕಬೇಡಿ. ಕಬ್ಬಿಣ ಮತ್ತು ಟ್ಯಾನಿನ್ ಕೂಡಿದರೆ ಮಸಿಯೇ ಆಗುತ್ತದೆ, ಹೊರಹೋಗುವ ನೀರು ಕಪ್ಪಾಗಿ ಹೊಸ ಗಾಬರಿ ಹುಟ್ಟಿಸುತ್ತದೆ.

ಕಾರಣ ಸರಿಪಡಿಸಿದ ಮೇಲೂ ಕೆಸರು ಇಳಿಯಲು ಎರಡು ಮೂರು ವಾರ ಬೇಕು. ಅಷ್ಟರಲ್ಲಿ ಕೆಸರು ಹೊಳೆಗೆ ಹೋಗುವಂತಿದ್ದರೆ ರಿಟರ್ನ್ ಲೈನಿಗೆ ಕ್ಲೋರಿನ್ ಕೊಡಬಹುದು. ನಮ್ಮ ಮಾದರಿಯಲ್ಲಿ ಸಾವಯವ ಕೆಸರು ಸುಮಾರು 150 ಕಿಲೋ. ಕಿಲೋಗೆ 3 ಗ್ರಾಂನಂತೆ ದಿನಕ್ಕೆ 450 ಗ್ರಾಂ ಕ್ಲೋರಿನ್, ಅಂದರೆ 10 ಶೇಕಡಾ ಹೈಪೋಕ್ಲೋರೈಟ್ ನಾಲ್ಕೂವರೆ ಲೀಟರ್. ದಿನವಿಡೀ ಹನಿಹನಿಯಾಗಿ, ರಿಟರ್ನ್ ಕೆಸರು ಚೆನ್ನಾಗಿ ಕದಡುವ ಜಾಗದಲ್ಲಿ ಬಿಡಿ. ಎಸ್‌ವಿಐ 150ಕ್ಕೆ ಇಳಿದೊಡನೆ ನಿಲ್ಲಿಸಿ. ತಿಳಿ ಕದಡತೊಡಗಿದರೆ ಡೋಸು ಅತಿಯಾಗಿದೆ. ಬ್ಲೀಚಿಂಗ್ ಪೌಡರ್ ಬಳಸುವವರಿಗೆ ಒಂದು ಎಚ್ಚರಿಕೆ: ಮಳೆಗಾಲದ ತೇವದಲ್ಲಿ ಬಾಯಿ ತೆರೆದ ಚೀಲದ ಸತ್ವ ಬೇಗ ಹೋಗುತ್ತದೆ. ಜೂನ್‌ನಲ್ಲಿ ಒಡೆದ ಚೀಲವನ್ನು ಆಗಸ್ಟಿನಲ್ಲಿ ಅದೇ ಲೆಕ್ಕಕ್ಕೆ ಹಾಕಿದರೆ ಏನೂ ಆಗದು.

ಕೂತದ್ದು ಮತ್ತೆ ಮೇಲೇಳುತ್ತದೆ

ಎದ್ದ ಗಡ್ಡೆಯನ್ನು ಕಡ್ಡಿಯಿಂದ ಮೆಲ್ಲಗೆ ತಟ್ಟಿ. ಸಣ್ಣ ಗುಳ್ಳೆಗಳು ಬಿಟ್ಟು ಕಂದು ಕೆಸರು ಪುನಃ ಕೆಳಗಿಳಿದರೆ ಅದು ಸಾರಜನಕದ ಗಾಳಿ. ನೈಟ್ರೇಟ್ ತಳದಲ್ಲೇ ಒಡೆಯುತ್ತಿದೆ, ಕೆಸರು ಕೆಳಗೆ ಹೆಚ್ಚು ಹೊತ್ತು ಕೂರುತ್ತಿದೆ. ಗಡ್ಡೆ ಕಪ್ಪಾಗಿದ್ದು ಕೊಳೆತ ಮೊಟ್ಟೆಯ ನಾತ ಬಂದರೆ ಕೆಸರು ಹಳಸಿದೆ.

ಎರಡಕ್ಕೂ ರಿಟರ್ನ್ ನೋಡಿ. ಎಷ್ಟು ರಿಟರ್ನ್ ಬೇಕೆಂಬುದನ್ನು ಜಾಡಿಯೇ ಹೇಳುತ್ತದೆ: 30ನೇ ನಿಮಿಷಕ್ಕೆ 350 ಇದ್ದರೆ 350ನ್ನು ಉಳಿದ 650ರಿಂದ ಭಾಗಿಸಿ, ಹರಿವಿನ 54 ಶೇಕಡಾ ರಿಟರ್ನ್ ಬೇಕು. ರಿಟರ್ನ್ ಕೆಸರನ್ನು ಗಾಳಿಯಿಂದ ಮೇಲೆತ್ತುವ ಏರ್‌ಲಿಫ್ಟ್ ಪೈಪಿನಲ್ಲಿ ನೀರು ಬರುತ್ತಿದೆ ಎಂದಮಾತ್ರಕ್ಕೆ ಕೆಸರು ಬರುತ್ತಿದೆ ಎಂದಲ್ಲ. ಸೆಟ್ಲಿಂಗ್ ಟ್ಯಾಂಕಿನ ಆಲಿಕೆಯಂಥ ತಳವಾದ ಹಾಪರ್‌ನ ಇಳಿಜಾರಿಗೆ ಕೆಸರು ಅಂಟಿಕೊಂಡು, ನಡುವೆ ಬಾವಿಯಂತೆ ತೂತಾಗಿ, ಅದರಿಂದ ತಿಳಿನೀರಷ್ಟೇ ಏರುತ್ತಿರಬಹುದು. ರಿಟರ್ನ್ ನೀರನ್ನು ಲೋಟದಲ್ಲಿ ಹಿಡಿದು ನೋಡಿ. ತೆಳ್ಳಗಿದ್ದರೆ ಉದ್ದ ಕೋಲಿಗೆ ರಬ್ಬರ್ ಪಟ್ಟಿ ಕಟ್ಟಿ ಹಾಪರ್‌ನ ನಾಲ್ಕೂ ಗೋಡೆಯನ್ನು ದಿನಕ್ಕೆರಡು ಬಾರಿ ಮೇಲಿನಿಂದಲೇ ಒರೆಸಿ. ಹಾಪರ್ ಗೋಡೆ 60 ಡಿಗ್ರಿಗಿಂತ ಕಡಿಮೆ ಇಳಿಜಾರಾಗಿ ಕಟ್ಟಿರುವ ಟ್ಯಾಂಕಿನಲ್ಲಿ ಈ ಕೆಲಸ ಎಂದಿಗೂ ತಪ್ಪುವುದಿಲ್ಲ.

ಮಳೆ, ಕೆಮ್ಮಣ್ಣು, ಕರೆಂಟು

ಜಾಡಿಯಲ್ಲಿ ಎಲ್ಲ ಸರಿ, ಟ್ಯಾಂಕಿನಿಂದ ಮಾತ್ರ ಕೆಸರು ಹರಿಯುತ್ತಿದೆ ಎಂದರೆ ತೊಂದರೆ ಕೆಸರಿನದ್ದಲ್ಲ, ಹರಿವಿನದ್ದು. ವರ್ಷಕ್ಕೆ 7,000 ಮಿಲಿಮೀಟರ್ ದಾಟುವ ಆಗುಂಬೆಯ ಮಳೆ ಎಲ್ಲೆಡೆ ಇಲ್ಲದಿರಬಹುದು. ಆದರೆ 1,000 ಚದರ ಮೀಟರ್ ಚಾವಣಿಯ ನೀರು ಕೊಳಚೆ ಚೇಂಬರಿಗೆ ಸೇರಿದ್ದರೆ 100 ಮಿಲಿಮೀಟರ್ ಮಳೆಗೆ 100 ಘನಮೀಟರ್ ನೀರು ಬರುತ್ತದೆ, ಅಂದರೆ ನಮ್ಮ ಮಾದರಿ ಘಟಕದ ಇಡೀ ದಿನದ ಹರಿವು. ಆರಿದ್ರಾ ಮಳೆ ಹಿಡಿಯುವ ಮೊದಲೇ ಚಾವಣಿಯ ಪೈಪುಗಳು ಎಲ್ಲಿ ಸೇರುತ್ತವೆ ನೋಡಿ, ಅಂಗಳದ ಮಟ್ಟಕ್ಕಿರುವ ಚೇಂಬರ್ ಮುಚ್ಚಳಗಳನ್ನು ಆರು ಇಂಚು ಎತ್ತರಿಸಿ. ಮಳೆ ಜೋರಾದಾಗ ಒಂದೆರಡು ಗಂಟೆ ಬ್ಲೋವರ್ ನಿಲ್ಲಿಸಿದರೆ ಕೆಸರು ಏರೇಶನ್ ಟ್ಯಾಂಕಿನಲ್ಲೇ ಕೂತು ಉಳಿಯುತ್ತದೆ, ಕೊಚ್ಚಿಹೋಗುವುದಿಲ್ಲ. ಇದಕ್ಕಿಂತ ಹೆಚ್ಚು ಹೊತ್ತು ನಿಲ್ಲಿಸಬೇಡಿ.

ಚೇಂಬರಿನಿಂದ ಕೆಮ್ಮಣ್ಣು ಒಳಬಂದರೆ ಇನ್ನೊಂದು ಮೋಸ. ಎಂಎಲ್‌ಎಸ್‌ಎಸ್ 5,000 ತೋರಿಸುತ್ತದೆ, ಎಸ್‌ವಿಐ ಚೆಂದ 60 ಬರುತ್ತದೆ, ಬಿಒಡಿ ಮಾತ್ರ ಇಳಿಯುವುದಿಲ್ಲ. ಆ 5,000ದಲ್ಲಿ ಅರ್ಧ ಮಣ್ಣು. ಲ್ಯಾಬಿನಲ್ಲಿ 550 ಡಿಗ್ರಿಗೆ ಸುಟ್ಟು ಸಾವಯವ ಪಾಲು ಕೇಳಿ. ಅದು 70ರಿಂದ 80 ಶೇಕಡಾ ಇರಬೇಕು, 50ಕ್ಕೆ ಬಂದಿದ್ದರೆ ಮಣ್ಣು. ಅಂಗಳದಲ್ಲೇ ನೋಡಬೇಕೆಂದರೆ ಒಣಗಿದ ಕೆಸರನ್ನು ಗ್ಲೌಸ್ ಹಾಕಿದ ಬೆರಳಲ್ಲಿ ತಿಕ್ಕಿ, ಮಣ್ಣಿದ್ದರೆ ಮರಳುಮರಳಾಗಿ ಹತ್ತುತ್ತದೆ. ಈ ಮಣ್ಣೇ ಮುಂದೆ ಪ್ರೆಸ್ಸಿನ ಬಟ್ಟೆಯನ್ನೂ ಸ್ಕ್ರೂ ಪಂಪಿನ ರಬ್ಬರನ್ನೂ ಸವೆಸುವುದು.

ಮರ ಬಿದ್ದು ಕರೆಂಟು ಹೋಗಿ ಏಳೆಂಟು ಗಂಟೆ ಬ್ಲೋವರ್ ನಿಂತರೆ ಕೆಸರು ಕಪ್ಪಾಗುತ್ತದೆ. ಕರೆಂಟು ಬಂದ ಮೇಲೆ ಮೊದಲು ಒಳಹರಿವು ನಿಲ್ಲಿಸಿ, ರಿಟರ್ನ್ ಮತ್ತು ಬ್ಲೋವರ್ ಮಾತ್ರ ಓಡಿಸಿ. ಬಣ್ಣ ಕಂದಿಗೆ ತಿರುಗಿ, ಆಮ್ಲಜನಕ 1 ಮಿಲಿಗ್ರಾಂ ದಾಟಿದ ಮೇಲೆ ಕೊಳಚೆಯನ್ನು ಸ್ವಲ್ಪಸ್ವಲ್ಪವಾಗಿ ಬಿಡಿ. ಆ ದಿನದ ಕೆಸರನ್ನು ಪ್ರೆಸ್ಸಿಗೆ ಕಳಿಸಬೇಡಿ.

ನೀರು ಬಿಡದ ಕೆಸರು

ಇಲ್ಲಿಗೆ ಬರುವ ಮೊದಲು ಎರಡು ಪ್ರಶ್ನೆ. ಕೆಸರು ಎಷ್ಟು ಗಟ್ಟಿಯಿದೆ? ಎಷ್ಟು ಹಳೆಯದು? ರಿಟರ್ನ್ ಲೈನಿನಿಂದ ಬಂದ 0.8 ಶೇಕಡಾ ಕೆಸರನ್ನು ನೇರ ಪ್ರೆಸ್ಸಿಗೆ ಕೊಟ್ಟರೆ ಪ್ರೆಸ್ಸು ಕೆಸರನ್ನಲ್ಲ, ನೀರನ್ನೇ ಸೋಸುತ್ತಿರುತ್ತದೆ. ಹೊರತೆಗೆದ ಕೆಸರನ್ನು ಇಡುವ ಹೋಲ್ಡಿಂಗ್ ಟ್ಯಾಂಕಿನಲ್ಲಿ ಗಾಳಿ ನಿಲ್ಲಿಸಿ, ಮೂರು ನಾಲ್ಕು ಗಂಟೆ ಕೂರಿಸಿ, ಮೇಲಿನ ತಿಳಿಯನ್ನು ಏರೇಶನ್ ಟ್ಯಾಂಕಿಗೆ ಹಿಂತಿರುಗಿಸಿ. ಹೀಗೆ ಮಾಡಿ 2 ಶೇಕಡಾಕ್ಕೆ ತನ್ನಿ. ದಿನದ 1.3 ಘನಮೀಟರ್ ಆಗ ಅರ್ಧ ಘನಮೀಟರಿಗೆ ಇಳಿಯುತ್ತದೆ. ಗಾಳಿಯಿಲ್ಲದೆ ಎರಡು ದಿನಕ್ಕಿಂತ ಹೆಚ್ಚು ಇಟ್ಟರೆ ಕೆಸರು ಹಳಸಿ, ಕಣಗಳು ನುಣ್ಣಗಾಗಿ, ಪಾಲಿಮರ್ ಖರ್ಚು ಏರುತ್ತದೆ.

ಪಾಲಿಮರ್ ಕರಗಿಸುವುದರಲ್ಲಿ ಆಗುವಷ್ಟು ತಪ್ಪು ಪಾಲಿಮರ್ ಆರಿಸುವುದರಲ್ಲಿ ಆಗುವುದಿಲ್ಲ. ಜೈವಿಕ ಕೆಸರಿಗೆ ಕ್ಯಾಟಯಾನಿಕ್ (ಧನ ವಿದ್ಯುದಂಶದ) ಜಾತಿಯದು ಬೇಕು. 100 ಲೀಟರ್ ನೀರಿಗೆ 100 ಗ್ರಾಂ ಪುಡಿ, ಅಂದರೆ 0.1 ಶೇಕಡಾ. ನೀರು ಸುತ್ತುತ್ತಿರುವಾಗ ಉಪ್ಪಿಟ್ಟಿಗೆ ರವೆ ಉದುರಿಸುವ ಹಾಗೆ ಉದುರಿಸಿ, ಒಟ್ಟಿಗೆ ಸುರಿದರೆ ಗಂಟು ಕಟ್ಟುತ್ತದೆ. ಆ ಗಂಟು ಮತ್ತೆ ಕರಗದು, ಬಟ್ಟೆಗೆ ಹೋಗಿ ಅಂಟಿಕೊಳ್ಳುತ್ತದೆ. ಎಲ್ಲ ಬಿದ್ದ ಮೇಲೆ ವೇಗ ಇಳಿಸಿ 45 ನಿಮಿಷದಿಂದ ಒಂದು ಗಂಟೆ ನಿಧಾನವಾಗಿ ತಿರುಗಿಸಿ. ಜೋರಾಗಿ ತಿರುಗಿಸಿದರೆ ಪಾಲಿಮರಿನ ಉದ್ದ ಸರಪಳಿ ತುಂಡಾಗುತ್ತದೆ. ಬಳಸುವ ನೀರನ್ನೂ ನೋಡಿ. ಜಂಬಿಟ್ಟಿಗೆ ನೆಲದ ಬಾವಿಯಲ್ಲಿ ಕಬ್ಬಿಣದ ಅಂಶ ಇರುವುದು ಸಾಮಾನ್ಯ. ಬಕೆಟ್ಟಿನಲ್ಲಿ ಹಿಡಿದಿಟ್ಟ ನೀರು ಮರುದಿನ ತುಕ್ಕಿನ ಬಣ್ಣಕ್ಕೆ ತಿರುಗಿದರೆ ಅದರಲ್ಲಿ ಪಾಲಿಮರ್ ಕಲಸಬೇಡಿ, ಕಬ್ಬಿಣ ಅದರ ಶಕ್ತಿಯನ್ನು ಮುರಿಯುತ್ತದೆ. ಕ್ಲೋರಿನ್ ಹೆಚ್ಚಿರುವ ನೀರೂ ಬೇಡ. ಕಲಸಿದ್ದನ್ನು ಅವತ್ತೇ ಮುಗಿಸಿ. ಪುಡಿಯ ಚೀಲವನ್ನು ಮಳೆಗಾಲದಲ್ಲಿ ಗಟ್ಟಿ ಮುಚ್ಚಳದ ಡಬ್ಬಿಯಲ್ಲಿಡಿ.

ಡೋಸು ಊಹಿಸಬೇಡಿ, ಅಳೆಯಿರಿ. 2 ಶೇಕಡಾ ಕೆಸರನ್ನು ಅರ್ಧರ್ಧ ಲೀಟರಿನಂತೆ ಐದು ಪಾತ್ರೆಗೆ ಹಾಕಿ, 0.1 ಶೇಕಡಾ ದ್ರಾವಣವನ್ನು 30, 40, 50, 60, 80 ಮಿಲಿಲೀಟರ್ ಕ್ರಮವಾಗಿ ಸೇರಿಸಿ. ಪ್ರತಿ 10 ಮಿಲಿಲೀಟರ್ ಎಂದರೆ ಒಂದು ಟನ್ ಒಣ ಕೆಸರಿಗೆ ಒಂದು ಕಿಲೋ ಪಾಲಿಮರ್. ಎರಡು ಪಾತ್ರೆಗಳ ನಡುವೆ ಹತ್ತು ಬಾರಿ ಸುರಿದು, ಆಮೇಲೆ ಪ್ರೆಸ್ಸಿನ ಹಳೆಯ ಬಟ್ಟೆಯ ತುಂಡಿನ ಮೇಲೆ ಹೊಯ್ಯಿರಿ. ಹತ್ತು ಬಾರಿ ಸುರಿದರೂ ಮುದ್ದೆ ಒಡೆಯದೆ, ನೀರು ಸರಕ್ಕನೆ ಇಳಿದು ತಿಳಿಯಾಗಿರುವ ಅತಿ ಕಡಿಮೆ ಡೋಸೇ ನಿಮ್ಮದು. ಸೋಸಿದ ನೀರು ಬೆರಳಿಗೆ ಜಾರುವಂತಿದ್ದರೆ ಪಾಲಿಮರ್ ಹೆಚ್ಚಾಗಿದೆ. 50 ಮಿಲಿಲೀಟರ್ ಸರಿ ಕಂಡರೆ ಒಂದು ಘನಮೀಟರ್ ಕೆಸರಿಗೆ 100 ಲೀಟರ್ ದ್ರಾವಣ. ಮಳೆ, ಸುಗ್ಗಿ, ರಜಾದಿನ ಬದಲಾದಾಗಲೆಲ್ಲ ಈ ಪರೀಕ್ಷೆ ಮತ್ತೆ ಮಾಡಬೇಕು.

ಪಾತ್ರೆಯಲ್ಲಿ ಮುದ್ದೆ ಚೆನ್ನಾಗಿದ್ದು ಪ್ರೆಸ್ಸಿನಲ್ಲಿ ಹಾಳಾಗುತ್ತಿದ್ದರೆ ನಡುವಿನ ಪಂಪು ನೋಡಿ. ಸೆಂಟ್ರಿಫ್ಯೂಗಲ್ ಪಂಪು ಮುದ್ದೆಯನ್ನು ಹಿಟ್ಟು ಮಾಡಿಬಿಡುತ್ತದೆ. ಸ್ಕ್ರೂ ಪಂಪು ಬೇಕು. ಕೇಕ್ ಅಂಚಿನಲ್ಲಿ ಗಟ್ಟಿ, ನಡುವೆ ಅಂಬಲಿ ಎಂದರೆ ಹೊತ್ತಿಗೆ ಮೊದಲೇ ಬಿಚ್ಚಿದ್ದೀರಿ, ಇಲ್ಲವೇ ಮೊದಲಿನಿಂದಲೇ ಪೂರಾ ಒತ್ತಡ ಕೊಟ್ಟು ಬಟ್ಟೆಯ ಕಣ್ಣು ಮುಚ್ಚಿದ್ದೀರಿ. ಮೊದಲ 10, 15 ನಿಮಿಷ 1ರಿಂದ 2 ಬಾರ್, ಬಟ್ಟೆಯ ಮೇಲೆ ತೆಳುಪದರ ಕೂತ ಮೇಲೆ ನಿಧಾನಕ್ಕೆ 5ರಿಂದ 6 ಬಾರ್. ನಲ್ಲಿಗಳಿಂದ ನೀರು ಹನಿಗೆ ಇಳಿಯುವ ತನಕ ಕಾಯಿರಿ. ಒಂದೇ ಪ್ಲೇಟಿನ ನಲ್ಲಿ ಕದಡಿದ್ದರೆ ಆ ಬಟ್ಟೆ ಹರಿದಿದೆ, ಎಲ್ಲ ನಲ್ಲಿ ಕದಡಿದ್ದರೆ ಪಾಲಿಮರ್ ಸಾಲದು. ಪ್ಲೇಟುಗಳ ನಡುವೆ ಚಿಮ್ಮಿದರೆ ಬಟ್ಟೆಯ ಮಡಿಕೆಯನ್ನೋ ಅಂಚಿಗಂಟಿದ ಹಳೇ ಕೇಕನ್ನೋ ಹುಡುಕಿ. ಎರಡು ಮೂರು ಬಾರಿ ಒತ್ತಿದ ಮೇಲೆ ಜೆಟ್ಟಿನಿಂದ ತೊಳೆಯಿರಿ. ಸುಣ್ಣದ ಗಾರು ಕಟ್ಟಿದ್ದರೆ ಪಾಲಿಪ್ರೊಪಿಲೀನ್ ಬಟ್ಟೆಯನ್ನು 3ರಿಂದ 5 ಶೇಕಡಾ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ನೆನೆಸಿ, ಜಿಡ್ಡಾಗಿದ್ದರೆ ಬಿಸಿ ಸೋಪುನೀರಿನಲ್ಲಿ. ನೀರಿಗೆ ಆಮ್ಲ ಹಾಕಬೇಕು, ಆಮ್ಲಕ್ಕೆ ನೀರಲ್ಲ. ಬ್ಲೀಚಿಂಗ್ ತಾಗಿದ ಬಟ್ಟೆಗೆ ಆಮ್ಲ ತಾಗಿಸಿದರೆ ವಿಷಗಾಳಿ ಏಳುತ್ತದೆ.

ಡ್ರೈಯಿಂಗ್ ಬೆಡ್ ಮತ್ತು ಮಲೆನಾಡಿನ ಆಕಾಶ

ಬೇಸಿಗೆಯಲ್ಲಿ 20 ಸೆಂಟಿಮೀಟರ್ ದಪ್ಪ ಹೊಯ್ದ ಕೆಸರು ಹತ್ತು ಹದಿನಾಲ್ಕು ದಿನಕ್ಕೆ ಬಿರುಕುಬಿಟ್ಟು ಎತ್ತಲು ಬರುತ್ತದೆ. 2 ಶೇಕಡಾಕ್ಕೆ ಗಟ್ಟಿ ಮಾಡಿದ ಕೆಸರಿಗೆ ನಮ್ಮ ಮಾದರಿಯಲ್ಲಿ 14 ದಿನದ ಸುತ್ತಿಗೆ ಸುಮಾರು 37 ಚದರ ಮೀಟರ್ ಬೆಡ್ ಸಾಕು. ಗಟ್ಟಿ ಮಾಡದೆ ಹೊಯ್ದರೆ 90 ಚದರ ಮೀಟರ್ ಬೇಕು. ಜೂನ್‌ನಿಂದ ಅಕ್ಟೋಬರ್‌ವರೆಗೆ ತೆರೆದ ಬೆಡ್ ಇಲ್ಲಿ ಬರೀ ಹೊಂಡ. ಬೆಳಕು ಹಾಯುವ ಶೀಟಿನ ಮಾಡು ಹಾಕಿ, ಬದಿಗಳನ್ನು ಗಾಳಿಗೆ ತೆರೆದಿಡಿ. ಅಡಿಕೆ ಒಣಗಿಸಲು ಮಾಡು ಕಟ್ಟಿದವರಿಗೆ ಇದನ್ನು ವಿವರಿಸಬೇಕಿಲ್ಲ. ಆದರೂ ಮಳೆಗಾಲದ ತೇವದ ಗಾಳಿಯಲ್ಲಿ ಬೆಡ್ ಒಂದನ್ನೇ ನಂಬುವುದು ಬೇಡ, ಪ್ರೆಸ್ ಇರಲಿ.

ಮಾಡು ಇದ್ದೂ ನೀರು ಇಂಗದೆ ನಿಂತರೆ ಮೊದಲು ತಳದ ಪೈಪಿನ ಬಾಯಿ ನೋಡಿ. ಮಳೆಗಾಲದಲ್ಲಿ ಸಂಪು ತುಂಬಿ ಆ ಬಾಯಿ ಮುಳುಗಿದ್ದರೆ ಬೆಡ್ಡಿನ ನೀರಿಗೆ ಹೋಗಲು ದಾರಿಯೇ ಇಲ್ಲ. ಪೈಪು ಸರಿಯಿದ್ದರೆ ಮರಳಿನ ಮೇಲ್ಪದರ ಕಟ್ಟಿದೆ, 5 ಸೆಂಟಿಮೀಟರ್ ಕೆರೆದು ಹೊಸ ಮರಳು ಹಾಕಿ. 0.5ರಿಂದ 0.75 ಮಿಲಿಮೀಟರ್ ಕಾಳಿನ, ತೊಳೆದ ಮರಳು ಬೇಕು. ತೊಳೆಯದ ಎಂ-ಸ್ಯಾಂಡಿನ ಹುಡಿ ಮೊದಲ ತಿಂಗಳಲ್ಲೇ ಬೆಡ್ ಮುಚ್ಚಿಬಿಡುತ್ತದೆ. ಅರ್ಧ ಒಣಗಿದ ಕೆಸರಿನ ಮೇಲೆ ಹೊಸದನ್ನು ಹೊಯ್ಯಬಾರದು. ಪ್ರತಿ ಬಾರಿ ಕೇಕ್ ಎತ್ತುವಾಗ ಒಂದಿಷ್ಟು ಮರಳೂ ಹೋಗುತ್ತದೆ. ಪದರ 15 ಸೆಂಟಿಮೀಟರಿಗೆ ಇಳಿಯುವ ಮೊದಲು ತುಂಬಿಸಿ.

ಇಳಿಯಬೇಡಿ, ಇಳಿಸಬೇಡಿ

ಹೋಲ್ಡಿಂಗ್ ಟ್ಯಾಂಕ್, ಸಂಪು, ಹಾಪರ್ ಯಾವುದು ಕಟ್ಟಿಕೊಂಡರೂ ಮನುಷ್ಯರನ್ನು ಒಳಗಿಳಿಸಕೂಡದು. ಹಳಸಿದ ಕೆಸರು ಕಲಕಿದೊಡನೆ ಹೈಡ್ರೋಜನ್ ಸಲ್ಫೈಡ್ ಏಳುತ್ತದೆ. ಅದು ಹೆಚ್ಚಾದಾಗ ಮೂಗಿಗೆ ವಾಸನೆಯೇ ಗೊತ್ತಾಗುವುದಿಲ್ಲ. ನಾತ ನಿಂತಿತು ಎಂದು ಇಳಿದವರು ಮೇಲೆ ಬಂದಿಲ್ಲ. ಮಲ ಹೊರುವ ಪದ್ಧತಿಯನ್ನು ನಿಷೇಧಿಸುವ 2013ರ ಕಾಯ್ದೆ ರಕ್ಷಣಾ ಸಲಕರಣೆಯಿಲ್ಲದೆ ಚರಂಡಿ, ಸೆಪ್ಟಿಕ್ ಟ್ಯಾಂಕಿಗೆ ಜನರನ್ನು ಇಳಿಸುವುದನ್ನು ಅಪರಾಧವೆಂದೇ ಹೇಳುತ್ತದೆ. ಸಕ್ಕಿಂಗ್ ಲಾರಿ ಬರಲು ಎರಡು ದಿನ ಆದರೆ ಎರಡು ದಿನ ಘಟಕ ನಿಲ್ಲಲಿ.

ತೆಗೆದ ಕೇಕ್ 20 ಶೇಕಡಾ ಗಟ್ಟಿಯಿದ್ದರೂ ತೆರೆದ ಅಂಗಳದಲ್ಲಿ ಒಂದು ರಾತ್ರಿ ಮಳೆ ಕುಡಿದರೆ ಮತ್ತೆ ಕೆಸರು. ಮಾಡಿನ ಕೆಳಗೆ, ನೆಲದಿಂದ ಎತ್ತರದ ಕಟ್ಟೆಯ ಮೇಲೆ ರಾಶಿ ಹಾಕಿ, ಸುತ್ತ ಕಾಲುವೆ ತೆಗೆದು ಸೋರಿದ ನೀರನ್ನು ಒಳಹರಿವಿಗೇ ಸೇರಿಸಿ. ಅಡಿಕೆ ತೋಟಕ್ಕೆ ಹಸಿಯಾಗಿ ಹಾಕುವುದು ಬೇಡ, ರೋಗಾಣು ಮತ್ತು ಜಂತಿನ ಮೊಟ್ಟೆ ಅದರಲ್ಲಿ ಜೀವಂತ ಇರುತ್ತವೆ. ದರಗು (ಒಣಗಿ ಉದುರಿದ ಎಲೆ), ಭತ್ತದ ಹೊಟ್ಟು, ಚೂರು ಮಾಡಿದ ಸೋಗೆ ಸೇರಿಸಿ ಉದ್ದ ರಾಶಿ ಮಾಡಿ, ಒಳಗಿನ ಬಿಸಿ 55 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿಯದಂತೆ 15 ದಿನ ಕಾಯ್ದು, ಆ ಅವಧಿಯಲ್ಲಿ ಐದು ಬಾರಿ ಮಗುಚಬೇಕು. ಆಸ್ಪತ್ರೆಯ ಘಟಕದ ಕೇಕನ್ನು ಹೀಗೂ ತೋಟಕ್ಕೆ ಕೊಡಬೇಡಿ. ರಾಶಿ ಬಿಸಿಯಾಗದಿದ್ದರೆ ಹೆಚ್ಚಾಗಿ ಕೇಕ್ ತೇವ ಅತಿಯಾಗಿರುತ್ತದೆ. ಹಿಡಿಯಲ್ಲಿ ಹಿಂಡಿದಾಗ ಬೆರಳ ಸಂದಿಯಿಂದ ನೀರು ಹನಿದರೆ ಇನ್ನೂ ಎರಡು ಬುಟ್ಟಿ ದರಗು ಸೇರಿಸಿ.